ಅಪ್‌ಡೇಟ್: ಮಗಳನ್ನು ಮಾಂಟೆಸ್ಸರಿಗೆ ಸೇರಿಸ್ಬೇಕಾ ಅಂತ ಕೇಳಿದ್ದೆ, ಸೇರಿಸಿಯಾಯ್ತು

ನೆನಪುಂಟಾ, ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೆ, 3 ವರ್ಷದ ಮಗಳಿಗೆ ಮಾಂಟೆಸ್ಸರಿಯಾ (ಮಕ್ಕಳು ಸಾಮಾನು ಮುಟ್ಟಿ, ತಾವೇ ಮಾಡಿ ಕಲಿಯೋ ಪದ್ಧತಿ) ಇಲ್ಲಾ ಹತ್ತಿರದ ಎಲ್‌ಕೆಜಿ ಸಾಕಾ ಅಂತ. ಮಾಂಟೆಸ್ಸರಿ ಅನ್ನೋ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದ್ರೂ ಬೋರ್ಡ್ ಹಾಕ್ಬಹುದು, ಹೋಗಿ ಒಂದು ಗಂಟೆ ಕೂತು ನೋಡಿ ಅಂತ ಒಬ್ರು ಹೇಳಿದ್ರಲ್ಲಾ, ಅದೇ ಮಾಡಿದೆ.

ಮೊದಲು ಹೋದ ಕಡೆ ಪಿಂಕ್ ಟವರ್ (ದೊಡ್ಡದರಿಂದ ಸಣ್ಣದಕ್ಕೆ ಒಂದರ ಮೇಲೊಂದು ಇಟ್ಟು ಕಲಿಯೋ ಗುಲಾಬಿ ಬಣ್ಣದ ಮರದ ತುಂಡುಗಳು) ಇತ್ತು, ಆದ್ರೆ ಕಪಾಟಿನೊಳಗೆ, ಬೀಗ ಹಾಕಿ! ಮಕ್ಕಳು ಬೆಂಚಲ್ಲಿ ಕೂತು ಎಬಿಸಿಡಿ ಬರೀತಿದ್ರು. ವಾಪಸ್ ಬಂದೆ.

ಎರಡನೇದ್ರಲ್ಲಿ 3ರಿಂದ 6 ವರ್ಷದವರೆಲ್ಲ ಒಂದೇ ಕೋಣೇಲಿ, ಸಾಮಾನೆಲ್ಲ ಅವರ ಕೈಗೆ ಸಿಗುವ ಎತ್ತರದಲ್ಲಿ, ಒಬ್ಬ ಸಣ್ಣ ಹುಡುಗ ಜಗ್‌ನಿಂದ ಜಗ್‌ಗೆ ನೀರು ಹೊಯ್ತಾ ಚೆಲ್ಲಿಬಿಟ್ಟ, ಯಾರೂ ಬೈಲಿಲ್ಲ, ಅವನೇ ಹೋಗಿ ಬಟ್ಟೆ ತಂದು ಒರೆಸಿ ಮತ್ತೆ ಹೊಯ್ಲಿಕ್ಕೆ ಶುರು ಮಾಡಿದ. ನನಗೆ ಅಲ್ಲೇ ಮನಸ್ಸು ಗಟ್ಟಿಯಾಯ್ತು.

ಬೇಜಾರು ಒಂದೇ, ಅಲ್ಲಿ ಅಕ್ಷರ ಇರೋದು ಇಂಗ್ಲಿಷ್, ಮಲಯಾಳದ್ದು ಮಾತ್ರ. ಕಾಸರಗೋಡಲ್ಲಿ ಹುಟ್ಟಿದ ಕನ್ನಡದ ಮಗು ಕನ್ನಡ ಮನೇಲೇ ಕಲೀಬೇಕು ಅಂದ್ರೆ ನಾವೇ ಕೂರ್ಬೇಕಲ್ವಾ. ಸ್ಯಾಂಡ್‌ಪೇಪರ್ ತಂದು ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಮಾಂಟೆಸ್ಸರೀಲಿ ಅಕ್ಷರದ ಹೆಸರಿಗಿಂತ ಮೊದಲು ಅದರ ಶಬ್ದ, ತೋರುಬೆರಳು ಮಧ್ಯದ ಬೆರಳು ಎರಡೂ ಇಟ್ಟು ಬರೆಯುವ ದಿಕ್ಕಲ್ಲೇ ಸವರ್ಬೇಕು. ಮೊನ್ನೆ ರಾತ್ರಿ ಕಣ್ಣು ಮುಚ್ಚಿ 'ಅ' ಸವರಿ "ಅಜ್ಜಿದು!" ಅಂದ್ಲು. ಅತ್ತೆ ಕಣ್ಣಲ್ಲಿ ನೀರು.

ಇನ್ನು ಒತ್ತಕ್ಷರಕ್ಕೆ ಹೇಗೆ ಮಾಡೋದು, ಮಾಡಿದವರು ಇದ್ರೆ ಹೇಳಿ.