ಬಾತ್‌ರೂಮ್ ಡಾರ್ಕ್‌ರೂಮ್‌ಗೆ ಟ್ರೇ ಸಾಕಾ, ಡ್ರಮ್ ಬೇಕಾ, ಸ್ಲಾಟ್ ಪ್ರೊಸೆಸರ್ ತಗೊಳ್ಳಲಾ?

ಕಪ್ಪುಬಿಳಿ_ಬನಶಂಕರಿ

ನಮಸ್ಕಾರ ಎಲ್ಲರಿಗೂ. ಫಿಲ್ಮ್ ಡೆವಲಪ್ ಮಾಡುವುದು ಮನೆಯಲ್ಲೇ ನಡೆಯುತ್ತಿದೆ, ಅದರ ಬಗ್ಗೆ ತಲೆನೋವಿಲ್ಲ. ಈಗ ಪ್ರಿಂಟ್ ಶುರು ಮಾಡಬೇಕು. ಪರಿಚಯದವರ ಸ್ಟುಡಿಯೋ ಮುಚ್ಚಿದಾಗ 35 ಎಂಎಂ ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಸಿಕ್ಕಿತು, ಲೆನ್ಸ್ ಸಮೇತ. ಜೊತೆಗೆ ಒಂದು ಹಳದಿ ಸೇಫ್‌ಲೈಟ್ (ಪೇಪರ್ ಹಾಳಾಗದ ಹಾಗೆ ಡಾರ್ಕ್‌ರೂಮ್‌ನಲ್ಲಿ ಹಾಕುವ ಮಂದ ದೀಪ) ಕೂಡ ಕೊಟ್ಟರು. ಟ್ರೇಗಳನ್ನು ಮಾತ್ರ ಅದಾಗಲೇ ಯಾರೋ ಗಿಡ ಇಡೋಕೆ ಅಂತ ಎತ್ಕೊಂಡು ಹೋಗಿದ್ದರಂತೆ.

ಬಾಡಿಗೆ ಮನೆ. ಎರಡನೇ ಬಾತ್‌ರೂಮನ್ನು ನನ್ನ ಪಾಲಿಗೆ ಬಿಟ್ಟಿದ್ದಾರೆ. ಐದಡಿ ಅಗಲ, ಏಳಡಿ ಉದ್ದ. ಅದರಲ್ಲೇ ಕಮೋಡು, ಬೇಸಿನ್ನು, ಗೀಸರ್ರು. ಎನ್‌ಲಾರ್ಜರ್ ಇಟ್ಟ ಮೇಲೆ ಎಷ್ಟು ಜಾಗ ಉಳಿಯುತ್ತೆ ನೀವೇ ಊಹಿಸಿ. 8×10 ಇಂಚಿನ ಪ್ರಿಂಟ್ ಆದರೆ ಸಾಕು, ಅದಕ್ಕಿಂತ ದೊಡ್ಡದು ಸದ್ಯಕ್ಕೆ ಬೇಡ.

ಓದಿದಷ್ಟೂ ಗೊಂದಲ ಜಾಸ್ತಿ ಆಗಿದೆ. ಒಬ್ಬರು ಮೂರು ಟ್ರೇ ಸಾಕು ಅಂತಾರೆ, ಇನ್ನೊಬ್ಬರು ಪೇಪರ್ ಒಳಗೆ ಹಾಕಿ ಉರುಳಿಸುವ ಡ್ರಮ್ ಅಂತಾರೆ, ಮತ್ತೊಬ್ಬರು ನೋವಾ ಸ್ಲಾಟ್ ಪ್ರೊಸೆಸರ್ ಬಿಟ್ಟು ಬೇರೇನೂ ಮುಟ್ಟಬೇಡ ಅಂತಾರೆ. ನೋವಾ ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಕೈ ಸುಡುವುದು ಗ್ಯಾರಂಟಿ. ಆದರೂ ಒಂದೇ ಸಲ ಸರಿಯಾದ್ದು ತಗೊಂಡುಬಿಡೋಣ ಅಂತಾನೂ ಅನ್ನಿಸುತ್ತೆ. ಇನ್ನೊಂದು ವಿಷಯ: ನಮ್ಮದು ಬೋರ್‌ವೆಲ್ ನೀರು. ಏಪ್ರಿಲ್‌ನಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಗೀಸರ್ ಬೇಡ, ಹಾಗಿರುತ್ತೆ. ಏನು ಮಾಡಲಿ?

ಹಳೇಸ್ಟುಡಿಯೋ_ಶಿವಮೊಗ್ಗ

ಟ್ರೇ ತಗೊಳ್ಳಪ್ಪ. ಉಳಿದಿದ್ದು ಆಮೇಲೆ.

ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಡಾರ್ಕ್‌ರೂಮ್ ಅಂದರೆ ಮೆಟ್ಟಿಲ ಕೆಳಗಿನ ಗೂಡು. ನಿನ್ನ ಬಾತ್‌ರೂಮ್ ಅದಕ್ಕಿಂತ ದೊಡ್ಡದು. ಊಟಿಯ ಇಂಡು ಬ್ರೋಮೈಡ್ ಪೇಪರ್ ಬರುತ್ತಿದ್ದ ಕಾಲ. ಮದುವೆ ಸೀಸನ್‌ನಲ್ಲಿ ರಾತ್ರಿಯೆಲ್ಲ ಅದರಲ್ಲೇ ಕೂತು ಪ್ರಿಂಟ್ ತೆಗೆಯುತ್ತಿದ್ದೆವು. ಜಾಗ ಇಲ್ಲ ಅಂತ ಯಾರೂ ಡ್ರಮ್ ತರಲಿಲ್ಲ.

ಟ್ರೇಗಳನ್ನು ಅಕ್ಕಪಕ್ಕ ಇಡಬೇಕು ಅಂತ ಯಾರು ಹೇಳಿದರು? ಒಂದರ ಮೇಲೊಂದು ಇಡು. ಚಪ್ಪಲಿ ಸ್ಟ್ಯಾಂಡ್ ಥರದ್ದು, ಮೂರು ಅಂತಸ್ತಿನದ್ದು, ಕಬ್ಬಿಣದ್ದಾದರೆ ಪೇಂಟ್ ಹೊಡೆಸಿ ಇಟ್ಟುಕೋ. ಮೇಲಿನದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ಮಧ್ಯ ಅದರ ಕೆಲಸ ನಿಲ್ಲಿಸುವ ಸ್ಟಾಪ್, ಕೆಳಗೆ ಚಿತ್ರ ಉಳಿಸುವ ಫಿಕ್ಸರ್. ಈ ಕ್ರಮ ತಪ್ಪಿಸಬೇಡ. ಪ್ರಿಂಟ್ ಎತ್ತುವಾಗ ಹನಿ ಬೀಳುವುದು ಕೆಳಗಿನ ಟ್ರೇಗೆ. ಡೆವಲಪರ್ ಹನಿ ಸ್ಟಾಪ್‌ಗೆ ಬಿದ್ದರೆ ಏನೂ ಆಗಲ್ಲ, ಹೇಗೂ ಪ್ರಿಂಟ್ ಜೊತೆ ಹೋಗುವುದೇ. ಫಿಕ್ಸರ್ ಹನಿ ಡೆವಲಪರ್‌ಗೆ ಬಿತ್ತೋ, ಆ ದಿನದ ಕೆಲಸ ಮುಗೀತು. ಎರಡು ಟ್ರೇ ನಡುವೆ ಒಂದಡಿಯಾದರೂ ಸಂದು ಇರಲಿ, ಇಲ್ಲದಿದ್ದರೆ ಚಿಮಟ ಒಳಗೆ ಆಡಲ್ಲ.

ಟ್ರೇ ಕೊಳ್ಳುವಾಗ ಪೇಪರ್‌ಗಿಂತ ಒಂದು ಸೈಜ್ ದೊಡ್ಡದು ನೋಡು. 8×10 ಪೇಪರ್‌ಗೆ 10×12 ಟ್ರೇ. ತಳದಲ್ಲಿ ಏಣು ಇರಬೇಕು. ನುಣ್ಣಗಿದ್ದರೆ ಪೇಪರ್ ತಳಕ್ಕೆ ಅಂಟಿಕೊಂಡು ಚಿಮಟಕ್ಕೆ ಸಿಗಲ್ಲ, ಆಗ ಉಗುರಲ್ಲಿ ಕೆರೆದು ಎಮಲ್ಷನ್ (ಚಿತ್ರ ಮೂಡುವ ಪದರ) ಹಾಳು ಮಾಡುತ್ತೀಯ. ಮೂಲೆಯಲ್ಲಿ ಬಾಟ್ಲಿಗೆ ಬಗ್ಗಿಸೋಕೆ ಮೂತಿ ಇದ್ದರೆ ಒಳ್ಳೆಯದು. ಚಿಮಟ ಒಂದೊಂದು ಟ್ರೇಗೆ ಒಂದೊಂದು, ಬಣ್ಣ ಬೇರೆ ಬೇರೆ.

ಆ ಹಳದಿ ಸೇಫ್‌ಲೈಟ್ ಮಾತ್ರ ಪಕ್ಕಕ್ಕಿಡು. ನಮ್ಮ ಕಾಲದ ಗ್ರೇಡ್ ಪೇಪರ್ (ಒಂದೊಂದಕ್ಕೆ ಒಂದೇ ಕಾಂಟ್ರಾಸ್ಟ್) ನೀಲಿ ಬೆಳಕಿಗೆ ಮಾತ್ರ ಕಪ್ಪಾಗುತ್ತಿತ್ತು, ಹಳದಿ ನಡೆಯುತ್ತಿತ್ತು. ಈಗಿನ ಮಲ್ಟಿಗ್ರೇಡ್ ಪೇಪರ್‌ಗೆ, ಅಂದರೆ ಕಾಂಟ್ರಾಸ್ಟ್ ಬದಲಿಸಬಹುದಾದ ಪೇಪರ್‌ಗೆ, ಹಸಿರೂ ಕಾಣುತ್ತೆ. ಹಳದಿ ಫಿಲ್ಟರ್ ಹಸಿರನ್ನೂ ಬಿಡುತ್ತದೆ, ಪ್ರಿಂಟ್ ಫಾಗ್ ಆಗುತ್ತೆ, ಅಂದರೆ ಬಿಳಿ ಜಾಗವೂ ಮಂಕಾಗುತ್ತೆ. ಕೆಂಪು ಹಾಕು, ನಾಲ್ಕಡಿ ದೂರದಲ್ಲಿ.

ಲೀಡ್ಸ್‌ನಿಂದ_ಹಾಸನದವ

ನೋವಾ ಬಳಸುವವನು ನಾನು, ಆದ್ದರಿಂದ ಅದರ ಪರವಾಗಿ ನಾಲ್ಕು ಮಾತು. ನೋವಾ ಇಲ್ಲಿ ಬ್ರಿಟನ್‌ನಲ್ಲೇ ತಯಾರಾಗುವುದು, ಹಾಗಾಗಿ ಸೆಕೆಂಡ್ ಹ್ಯಾಂಡ್ ಆಗಾಗ ಕಣ್ಣಿಗೆ ಬೀಳುತ್ತೆ.

ಗೊತ್ತಿಲ್ಲದವರಿಗೆ: ಇದರಲ್ಲಿ ಟ್ರೇ ಇಲ್ಲ. ಕಿರಿದಾದ, ಆಳವಾದ ಸಂದುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಪೇಪರನ್ನು ಮೇಲೆ ಕ್ಲಿಪ್‌ನಿಂದ ಹಿಡಿದು ಒಂದೊಂದರಲ್ಲೇ ಇಳಿಸುತ್ತಾ ಹೋಗುವುದು. ಮೇಜಿನ ಮೇಲೆ ಒಂದು ಟ್ರೇಯಷ್ಟು ಜಾಗವೂ ಬೇಡ. ಅದಕ್ಕಿಂತ ದೊಡ್ಡ ಲಾಭ ಅಂದರೆ, ಗಾಳಿಗೆ ತೆರೆದಿರುವ ಜಾಗ ಕಡಿಮೆ, ಮೇಲೆ ಮುಚ್ಚಳ ಬೇರೆ. ಡೆವಲಪರ್ ವಾರಗಟ್ಟಲೆ ಅದರಲ್ಲೇ ಇರುತ್ತೆ. ಮಗು ಮಲಗಿದ ಮೇಲೆ ಒಂದು ಗಂಟೆ ಸಿಕ್ಕಿದರೆ ಬಂದು ಮುಚ್ಚಳ ತೆಗೆದು ಎರಡು ಪ್ರಿಂಟ್ ಮಾಡಿ ಹೋಗಬಹುದು. ಟ್ರೇಯಲ್ಲಾದರೆ ಸುರಿದು, ತುಂಬಿ, ತೊಳೆಯುವುದರಲ್ಲೇ ಆ ಗಂಟೆ ಹೋಗಿರುತ್ತೆ.

ಆದರೆ ನಿಮಗೆ ನಾನು ಇದನ್ನು ಹೇಳಲ್ಲ, ಯಾಕೆಂದರೆ ಇದರಲ್ಲಿ ಹೀಟರ್ ಇದೆ, ಕೂಲರ್ ಇಲ್ಲ. ಲೀಡ್ಸ್‌ನ ಜನವರಿಯಲ್ಲಿ ಗ್ಯಾರೇಜ್ ಒಳಗೆ ಡೆವಲಪರ್‌ನಲ್ಲಿರುವ ಹೈಡ್ರೋಕ್ವಿನೋನ್ ಕೆಲಸವೇ ಮಾಡಲ್ಲ ಅನ್ನುವಷ್ಟು ಚಳಿ, ಅಲ್ಲಿ ಆ ಹೀಟರ್‌ಗೆ ಬೆಲೆ. ಬೆಂಗಳೂರಿನ ಏಪ್ರಿಲ್‌ಗೆ ಏನು ಮಾಡುತ್ತೀರಿ? ಸುಮ್ನೆ ದುಡ್ಡು ದಂಡ. ಹಳೆಯ ಯೂನಿಟ್‌ಗಳಲ್ಲಿ ಸಂದಿನ ಅಂಟು ಬಿಟ್ಟು ಪಕ್ಕದ ಸಂದಿಗೆ ಸೋರುವ ಕಾಯಿಲೆಯೂ ಇದೆ. ಮತ್ತೆ, ಚಿತ್ರ ಮೂಡುವುದು ಕಣ್ಣಿಗೆ ಕಾಣಲ್ಲ. ಹೊಸಬರಿಗೆ ಅದು ಕಾಣಬೇಕು ಅಂತ ನನ್ನ ಅಭಿಪ್ರಾಯ.

ಡ್ರಮ್ಮಣ್ಣ

ಎಲ್ಲರೂ ಸೇರಿ ಡ್ರಮ್ಮನ್ನು ಮೂಲೆಗೆ ತಳ್ಳಿದ್ದೀರಿ, ನಾನು ಸ್ವಲ್ಪ ಈಚೆ ಎಳೆಯುತ್ತೇನೆ. 😀

ನಮ್ಮ ಮನೆಯಲ್ಲಿ ಕತ್ತಲಾಗುವ ಜಾಗ ಅಂದರೆ ಬಟ್ಟೆ ಬೀರುವಿನ ಪಕ್ಕದ ಮೂಲೆ, ಅಲ್ಲಿ ನೀರಿಲ್ಲ. ಎನ್‌ಲಾರ್ಜರ್ ಅಲ್ಲಿದೆ. ಎಕ್ಸ್‌ಪೋಸ್ ಮಾಡಿ ಪೇಪರನ್ನು ಜೋಬೋ ಕಂಪನಿಯ ಡ್ರಮ್ಮಿಗೆ ಹಾಕಿ ಮುಚ್ಚಿದರೆ ಆಯಿತು, ಆಮೇಲೆ ಅಡುಗೆಮನೆ ಲೈಟ್ ಹಾಕ್ಕೊಂಡೇ ಸಿಂಕ್ ಮೇಲೆ ಉರುಳಿಸುತ್ತಾ ಕೂರುತ್ತೇನೆ. ಪೇಟರ್ಸನ್ ಆರ್ಬಿಟಲ್ ಕೂಡ ಇದೇ ಜಾತಿ, ಚಪ್ಪಟೆ ಡಬ್ಬಿ. ಅದು ಸಿಕ್ಕರೆ ತಳ ನೋಡಿ, ನುಣ್ಣಗಿದ್ದರೆ ಪೇಪರ್ ಅಂಟಿಕೊಂಡು ಹಿಂಬದಿಗೆ ದ್ರಾವಣ ಹೋಗಲ್ಲ. ಮರಳು ಕಾಗದದಲ್ಲಿ ಗೀಚಿಕೊಳ್ಳುತ್ತಾರೆ ಜನ. 8×10ಕ್ಕೆ 100 ಮಿಲಿಯೊಳಗೆ ಡೆವಲಪರ್ ಸಾಕು, ಬಳಸಿ ಚೆಲ್ಲುವುದು. ಪ್ರತಿ ಪ್ರಿಂಟ್‌ಗೂ ಹೊಸ ಡೆವಲಪರ್.

ಕಷ್ಟ ಏನು ಅಂದರೆ ನಿಧಾನ. ಒಂದು ಪ್ರಿಂಟ್ ಆದ ಮೇಲೆ ಡ್ರಮ್ ತೊಳೆದು, ಒಳಗೆ ಚೆನ್ನಾಗಿ ಒರೆಸಿ ಒಣಗಿಸಬೇಕು. ಹನಿ ಉಳಿದರೆ ಮುಂದಿನ ಪೇಪರ್ ಅರ್ಧಕ್ಕೇ ಅಂಟಿಕೊಳ್ಳುತ್ತೆ, ಗೆರೆ ಬೀಳುತ್ತೆ. ಬೆಳಕು ಎಷ್ಟು ಹೊತ್ತು ಕೊಡಬೇಕು ಅಂತ ನೋಡುವ ಒಂದು ತುಂಡು ಪೇಪರ್‌ಗೂ (ಟೆಸ್ಟ್ ಸ್ಟ್ರಿಪ್) ಇಷ್ಟೆಲ್ಲ ಮಾಡಬೇಕು. ಅದಕ್ಕೇ ನಾನು ಟೆಸ್ಟ್ ಸ್ಟ್ರಿಪ್ಪನ್ನು ಮಾತ್ರ ಸಣ್ಣ ಟ್ರೇಯಲ್ಲಿ ಮಾಡುತ್ತೇನೆ. ಬಾತ್‌ರೂಮ್ ಇದ್ದವರು ಡ್ರಮ್ ಯಾಕೆ ತಗೊಳ್ಳಬೇಕು ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ.

ಕೆಮಿಸ್ಟ್ರಿ_ಮಿಸ್_ಧಾರವಾಡ

ಎಲ್ಲರೂ ಪಾತ್ರೆ ಬಗ್ಗೆ ಮಾತಾಡುತ್ತಿದ್ದೀರಿ, ಒಳಗೆ ಹಾಕುವುದರ ಬಗ್ಗೆ ನಾನು ಹೇಳುತ್ತೇನೆ. ಪಾತ್ರೆ ಆರಿಸುವುದಕ್ಕೂ ಅದಕ್ಕೂ ಸಂಬಂಧ ಇದೆ.

ಮೊದಲು ನೀರು. ಬೋರ್‌ವೆಲ್ ನೀರಲ್ಲಿ ಡೆವಲಪರ್ ಕಲಸಬೇಡಿ. ಅದರ ಕ್ಯಾಲ್ಸಿಯಂ, ಡೆವಲಪರ್‌ನಲ್ಲಿರುವ ಕಾರ್ಬೊನೇಟ್ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ, ಟ್ರೇ ತಳದಲ್ಲಿ ಪದರ ಕಟ್ಟುತ್ತದೆ. ಅಡುಗೆಮನೆಯ ಆರ್‌ಒ ನೀರು ಸಾಕು. ಒಂದು ಲೀಟರ್ ತಾನೇ. ತೊಳೆಯುವುದಕ್ಕೆ ಬೋರ್‌ವೆಲ್ ನಡೆಯುತ್ತದೆ, ಪ್ರಿಂಟ್‌ಗೆ ಏನೂ ಆಗಲ್ಲ.

ಪೇಪರ್ ಆರ್‌ಸಿ ತಗೊಳ್ಳಿ, ಫೈಬರ್ ಆಮೇಲೆ. ಆರ್‌ಸಿ ಅಂದರೆ ಎರಡೂ ಕಡೆ ಪ್ಲಾಸ್ಟಿಕ್ ಪದರ ಇರುವ ಪೇಪರ್, ಒಳಗಿನ ಕಾಗದ ದ್ರಾವಣ ಹೀರಲ್ಲ. ಫೈಬರ್‌ಗೆ ಆ ಪದರ ಇಲ್ಲ. ಇಲ್‌ಫೋರ್ಡ್ ಮಲ್ಟಿಗ್ರೇಡ್ ಡೆವಲಪರ್ 1+9 (ಒಂದು ಪಾಲಿಗೆ ಒಂಬತ್ತು ಪಾಲು ನೀರು) ಆದರೆ 20 ಡಿಗ್ರಿಯಲ್ಲಿ ಒಂದು ನಿಮಿಷ, ಸ್ಟಾಪ್ ಹತ್ತು ಸೆಕೆಂಡ್, ರ‍್ಯಾಪಿಡ್ ಫಿಕ್ಸರ್ 1+4 ಅರ್ಧ ನಿಮಿಷ, ಹರಿಯುವ ನೀರಲ್ಲಿ ಎರಡು ನಿಮಿಷ ತೊಳೆದರೆ ಮುಗಿಯಿತು. ಫೈಬರ್ ಪೇಪರನ್ನು ಬರೀ ನೀರಲ್ಲಿ ತೊಳೆಯುವುದಾದರೆ ಒಂದು ಗಂಟೆ ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಊರಿನವರು ನೀವು, ಅಷ್ಟು ನೀರು ಬಿಟ್ಟರೆ ಮನೆ ಮಾಲೀಕರು ಸುಮ್ಮನಿರುತ್ತಾರಾ? ಮುಂದೆ ಫೈಬರ್ ಮಾಡುವ ದಿನ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿ ಅದರಲ್ಲಿ ಹತ್ತು ನಿಮಿಷ ಆಡಿಸಿ, ತೊಳೆಯುವ ಸಮಯ ತುಂಬ ಇಳಿಯುತ್ತದೆ. ಅಲ್ಲಿಯವರೆಗೆ ಪ್ರಿಂಟ್ ವಾಷರ್ ಅನ್ನುವ ಡಬ್ಬಿಗೆ ದುಡ್ಡು ಹಾಕಬೇಡಿ. ನಾಲ್ಕನೇ ಟ್ರೇ ಒಂದಿದ್ದರೆ ಸಾಕು.

ಸ್ಟೀಲ್ ಟ್ರೇ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ಚಿಕ್ಕಪೇಟೆಯಲ್ಲಿ ಕೇಟರಿಂಗ್‌ನವರ ಸ್ಟೀಲ್ ಟ್ರೇ ಸುಲಭವಾಗಿ ಸಿಗುತ್ತೆ, ನೋಡೋಕೂ ಚೆಂದ. 304 ಗ್ರೇಡ್ ಆದರೆ ಒಂದು ಸಂಜೆಯ ಕೆಲಸಕ್ಕೆ ತೊಂದರೆ ಇಲ್ಲ, ಮುಗಿದ ತಕ್ಷಣ ತೊಳೆದಿಡಿ. ಅಗ್ಗದ 202 ಬೇಡ, ಆಸಿಡ್ ಫಿಕ್ಸರ್‌ಗೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಂಗಡಿಯವರು ಮ್ಯಾಗ್ನೆಟ್ ಹಿಡಿದು ತೋರಿಸಿದರೆ ನಂಬಬೇಡಿ, 202ಗೂ ಮ್ಯಾಗ್ನೆಟ್ ಅಂಟಲ್ಲ. ಪ್ಲಾಸ್ಟಿಕ್ಕೇ ವಾಸಿ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ, ಡೆವಲಪರ್‌ನ ಕ್ಷಾರ ಅದನ್ನು ತಿನ್ನುತ್ತದೆ.

ಬರಿಗೈ ಹಾಕಬೇಡಿ. ಕೆಲವು ಡೆವಲಪರ್‌ಗಳಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಹಾಗೇ ಉಳಿದುಬಿಡಬಹುದು. ಚಿಮಟ, ಇಲ್ಲದಿದ್ದರೆ ನೈಟ್ರೈಲ್ ಗ್ಲೌಸ್. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಬೆಳಕು ಬರದ ಹಾಗೆ ಅದಕ್ಕೊಂದು ಕಪ್ಪು ರಟ್ಟಿನ ಬಾಗು ಕೊಳವೆ ಮಾಡಿಕೊಳ್ಳಿ. ಆಸಿಡ್ ಫಿಕ್ಸರ್‌ನಿಂದ ಸಲ್ಫರ್ ಡೈಆಕ್ಸೈಡ್ ಬರುತ್ತದೆ, ಆಸ್ತಮಾ ಇರುವವರಿಗೆ ತಕ್ಷಣ ಗೊತ್ತಾಗುತ್ತದೆ. ಸ್ಟಾಪ್‌ಗೆ ಅಸಿಟಿಕ್ ಆಸಿಡ್ ಬದಲು ಸಿಟ್ರಿಕ್ ಆಸಿಡ್ ಹಾಕಿ, ಲೀಟರಿಗೆ 15 ಗ್ರಾಂ. ವಾಸನೆಯೇ ಇಲ್ಲ.

ಕಪ್ಪುಬಿಳಿ_ಬನಶಂಕರಿ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಹಾಗಾದರೆ ಪ್ಲಾಸ್ಟಿಕ್ ಟ್ರೇ, ಸ್ಟ್ಯಾಂಡ್, ಕೆಂಪು ಲೈಟ್. ಎರಡು ಪ್ರಶ್ನೆ ಉಳಿದಿವೆ. ಬಿಸಿ ನೀರಿನ ಕಥೆ ಏನು, 28 ಡಿಗ್ರಿಯಲ್ಲಿ ಡೆವಲಪರ್ ಇಟ್ಟರೆ ನಡೆಯುತ್ತಾ? ಮತ್ತೆ ಎಲೆಕ್ಟ್ರಿಕ್ ಅಂಗಡಿಯ ಸಾಮಾನ್ಯ ಕೆಂಪು ಎಲ್‌ಇಡಿ ಬಲ್ಬ್ ಸಾಕಾ?

ಹಳೇಸ್ಟುಡಿಯೋ_ಶಿವಮೊಗ್ಗ

ರಾತ್ರಿ ಕೆಲಸ ಮಾಡು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಮೇಲಿನ ಟ್ಯಾಂಕ್ ಬಿಸಿಲಿಗೆ ಕಾದ ಹೊತ್ತಲ್ಲಿ ಯಾಕೆ ಹೋಗುತ್ತೀಯ? ಡೆವಲಪರ್ ಕಲಸುವ ಆರ್‌ಒ ನೀರನ್ನು ಮೊದಲೇ ಫ್ರಿಜ್‌ನಲ್ಲಿಟ್ಟು, ಸಾದಾ ನೀರಿನ ಜೊತೆ ಬೆರೆಸಿ 20ಕ್ಕೆ ತಾ. ಆಮೇಲೆ ಏರದ ಹಾಗೆ ನೋಡಿಕೊಳ್ಳಲು ಡೆವಲಪರ್ ಟ್ರೇಯನ್ನು ಒಂದು ದೊಡ್ಡ ಬಟ್ಟೆ ಟಬ್‌ನೊಳಗೆ ತಣ್ಣೀರಲ್ಲಿ ಇಡು, ಅದರಲ್ಲಿ ಐಸ್ ತುಂಬಿದ ನೀರಿನ ಬಾಟ್ಲಿ ಒಂದು ತೇಲಲಿ. ಐಸನ್ನು ನೇರ ಡೆವಲಪರ್‌ಗೆ ಹಾಕಬೇಡ, ತೆಳುವಾಗುತ್ತೆ. ಸ್ಟಾಪ್, ಫಿಕ್ಸರ್ ಒಂದೆರಡು ಡಿಗ್ರಿ ಜಾಸ್ತಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡ.

24, 25ರಲ್ಲಿ ನಿಂತರೂ ಪ್ರಿಂಟ್ ಬರುತ್ತೆ. ಆದರೆ ಚಿತ್ರ ಬೇಗ ಮೂಡಿತು ಅಂತ ಅರ್ಧಕ್ಕೇ ಎತ್ತಬಾರದು. ಎತ್ತಿದರೆ ಕಪ್ಪು ಪೂರ್ತಿ ಬರಲ್ಲ, ಮಣ್ಣು ಮಣ್ಣಾಗಿ ಕಾಣುತ್ತೆ. ಪ್ರಿಂಟ್ ತೀರಾ ಕಪ್ಪಾದರೆ ಎಕ್ಸ್‌ಪೋಷರ್ (ಎನ್‌ಲಾರ್ಜರ್ ಬೆಳಕು ಕೊಡುವ ಸಮಯ) ಕಡಿಮೆ ಮಾಡು, ಡೆವಲಪರ್ ಸಮಯ ಮುಟ್ಟಬೇಡ. ಆ ದಿನಪೂರ್ತಿ ಒಂದೇ ಸಮಯ. ಅದಕ್ಕೇ ಒಳ್ಳೆ ಥರ್ಮಾಮೀಟರ್‌ಗೆ ದುಡ್ಡು ಹಾಕು ಅನ್ನುವುದು.

ಟೈಮರ್‌ಗೆ ಮೊಬೈಲ್ ಒಳಗೆ ತರಬೇಡ. ಪೇಪರ್ ಡಬ್ಬಿ ತೆರೆದಾಗಲೇ ಯಾರಾದರೂ ಕಾಲ್ ಮಾಡುತ್ತಾರೆ. ಟಿಕ್ ಟಿಕ್ ಅನ್ನುವ ಗಡಿಯಾರ ಇದ್ದರೆ ಎಣಿಸಿಕೊಂಡು ಹೋಗು.

ಕೆಮಿಸ್ಟ್ರಿ_ಮಿಸ್_ಧಾರವಾಡ

ಎಲ್‌ಇಡಿ ಬಗ್ಗೆ: ಕೆಂಪು ಅಂತ ಮಾರುವ ಬಲ್ಬ್‌ಗಳಲ್ಲಿ ಎರಡು ಥರ. ಕೆಲವು ನಿಜವಾದ ಕೆಂಪು ಎಲ್‌ಇಡಿ, 620–630 ನ್ಯಾನೋಮೀಟರ್ ಆಸುಪಾಸು, ಅವು ಸರಿ. ಇನ್ನು ಕೆಲವು ಬಿಳಿ ಎಲ್‌ಇಡಿಗೆ ಕೆಂಪು ಪ್ಲಾಸ್ಟಿಕ್ ಮುಚ್ಚಿದ್ದು, ಅವು ಕೆಲಸಕ್ಕೆ ಬಾರವು. ಒಂದು ಹಳೆಯ ಸಿಡಿ ತಗೊಂಡು ಬಲ್ಬಿನ ಪ್ರತಿಬಿಂಬ ನೋಡಿ. ಕೆಂಪಿನ ಜೊತೆ ಹಸಿರು, ನೀಲಿ ಪಟ್ಟಿ ಕಂಡರೆ ವಾಪಸ್ ಕೊಡಿ.

ಆಮೇಲೆ ನಾಣ್ಯದ ಪರೀಕ್ಷೆ. ಸುಮ್ನೆ ಬಿಳಿ ಪೇಪರ್ ಮೇಲೆ ನಾಣ್ಯ ಇಟ್ಟರೆ ಸಾಲದು, ಸ್ವಲ್ಪ ಫಾಗ್ ಆದದ್ದು ಅದರಲ್ಲಿ ಕಾಣಲ್ಲ. ಮೊದಲು ಎನ್‌ಲಾರ್ಜರ್‌ನಿಂದ ಪೇಪರ್ ತಿಳಿ ಬೂದು ಆಗುವಷ್ಟು ಬೆಳಕು ಕೊಡಿ. ಆಮೇಲೆ ನಾಣ್ಯ ಇಟ್ಟು ಸೇಫ್‌ಲೈಟ್ ಕೆಳಗೆ ಐದಾರು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುಂಡು ಗುರುತು ಕಂಡರೆ ಬಲ್ಬ್ ಇನ್ನೂ ದೂರ ಸರಿಸಿ.

ಬಳಸಿದ ಫಿಕ್ಸರನ್ನು ಕಮೋಡಿಗೆ ಚೆಲ್ಲಬೇಡಿ, ಅದರಲ್ಲಿ ಬೆಳ್ಳಿ ಇರುತ್ತದೆ. ಒಂದು ಲೀಟರಿಗೆ ಎಂಬತ್ತರಷ್ಟು 8×10 ಆರ್‌ಸಿ ಪ್ರಿಂಟ್ ಆಗುತ್ತದೆ, ಲೆಕ್ಕವನ್ನು ಬಾಟ್ಲಿ ಮೇಲೇ ಬರೆಯುತ್ತಾ ಹೋಗಿ. ಮುಗಿದದ್ದನ್ನು ಕ್ಯಾನ್‌ನಲ್ಲಿ ಕೂಡಿಡಿ. ಎಕ್ಸ್‌ರೇ ಫಿಕ್ಸರ್‌ನಿಂದ ಬೆಳ್ಳಿ ತೆಗೆಯುವವರು ಇದ್ದರೆ ಅವರಿಗೆ ಕೊಡಬಹುದು.

ಕಪ್ಪುಬಿಳಿ_ಬನಶಂಕರಿ

ಮಿಸ್, ಕೊನೇ ಪ್ರಶ್ನೆ. ಸಿಟ್ರಿಕ್ ಆಸಿಡ್ ಅಂದರೆ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪೇ ಅಲ್ವಾ?

ಕೆಮಿಸ್ಟ್ರಿ_ಮಿಸ್_ಧಾರವಾಡ

ಅದೇ. ಡಾರ್ಕ್‌ರೂಮ್‌ಗೆ ಬೇರೆ ಡಬ್ಬಿ, ಬೇರೆ ಚಮಚ ಇಡಿ. ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ.