ಸಹಾಯ ಬೇಕು: ಎಚ್‌ಒ ಆಲ್ಕೊ ಎಂಜಿನ್ ಛಾವಣಿಯ ಮಸಿ ನಿಲ್ಲುತ್ತಿಲ್ಲ

ನಮಸ್ಕಾರ. 1:87 (ಎಚ್‌ಒ) ಅಳತೆಯ ಡಬ್ಲ್ಯುಡಿಎಂ-3ಎ (ಆಲ್ಕೊ ವಿನ್ಯಾಸದ ಭಾರತೀಯ ರೈಲ್ವೆ ಡೀಸೆಲ್ ಎಂಜಿನ್) ಮಾಡೆಲ್‌ಗೆ, ತೊಳೆದ ಮೇಲೆ ಒಂದೆರಡು ವಾರ ಓಡಿದ ಎಂಜಿನ್ನಿನಷ್ಟೇ ಕೊಳೆ ಬೇಕು. ಗುಜರಿ ನೋಟ ಖಂಡಿತ ಬೇಡ. ದಿನವೂ ಓಡುವ ಎಂಜಿನ್ನಿನ ಹೊರಮೈಗೆ ಅಷ್ಟೊಂದು ತುಕ್ಕು ಹಿಡಿಯುವುದಿಲ್ಲ.

ಈಗಿನ ಕ್ರಮ: ಬಾಡಿ ಬಿಚ್ಚಿ ಸೋಪುನೀರಲ್ಲಿ ತೊಳೆದು, ತೆಳುವಾಗಿ ಅಕ್ರಿಲಿಕ್ ಗ್ಲಾಸಿ (ಹೊಳಪಿನ) ವಾರ್ನಿಶ್. 24 ಗಂಟೆ ಬಿಟ್ಟು, ಬರ್ಂಟ್ ಅಂಬರ್ ಮತ್ತು ಕಪ್ಪು ಆಯಿಲ್ ಬಣ್ಣ ಸಮನಾಗಿ ಬೆರೆಸಿ, ಅದರ 1 ಪಾಲಿಗೆ 10 ಪಾಲು ವೈಟ್ ಸ್ಪಿರಿಟ್. ಗ್ರಿಲ್, ಬಾಗಿಲ ಸಂದುಗಳಿಗೆ ಹರಿಸಿ, 20 ನಿಮಿಷದ ನಂತರ ಮೇಲಿಂದ ಕೆಳಕ್ಕೆ ಮಾತ್ರ ಒರೆಸುವುದು. ಮಳೆನೀರು ಇಳಿಯುವ ದಿಕ್ಕು ಅದೇ. ಅಡ್ಡ ಒರೆಸಿದರೆ ಸುಳ್ಳು ಎದ್ದು ಕಾಣುತ್ತದೆ. ಬೋಗಿಗೆ (ಎಂಜಿನ್ ಕೆಳಗಿನ ಚಕ್ರಗಳ ಚೌಕಟ್ಟಿಗೆ) ಬ್ರೇಕ್ ಧೂಳಿನ ಕಂದು ಬಣ್ಣವನ್ನು ಡ್ರೈಬ್ರಷ್ (ಬಹುತೇಕ ಒಣಗಿದ ಬ್ರಷ್‌ನಿಂದ ಸವರುವುದು) ಮಾಡಿದ್ದೇನೆ, ಅದು ಸರಿಯಾಗಿದೆ.

ತೊಂದರೆ ಇರುವುದು ಹೊಗೆಯ ಮಸಿಯಲ್ಲಿ. ಎಕ್ಸಾಸ್ಟ್ ಸುತ್ತ ದಟ್ಟವಾಗಿದ್ದು ಛಾವಣಿಯ ಅಂಚಿಗೆ ಹೋಗುತ್ತ ಕರಗಬೇಕು. ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಮೇಲೆ ಕಪ್ಪು ಪಿಗ್ಮೆಂಟ್ ಪುಡಿ ಹಚ್ಚಿದಾಗ ತುಂಬ ಚೆನ್ನಾಗಿರುತ್ತದೆ. ಮೇಲೆ ಮತ್ತೆ ಮ್ಯಾಟ್ ಸ್ಪ್ರೇ ಹೊಡೆದ ತಕ್ಷಣ ಅರ್ಧಕ್ಕರ್ಧ ಮಾಯ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಕೂರಿಸಿದರೆ ಕೆಳಗಿನ ವಾರ್ನಿಶ್ ಬಿಳಿಚಿಕೊಳ್ಳುತ್ತದೆ. ವಾರ್ನಿಶ್ ಇಲ್ಲದೆ ಬಿಟ್ಟರೆ ಹಿಡಿದಲ್ಲೆಲ್ಲ ಬೆರಳಚ್ಚು, ಉದುರಿದ ಪುಡಿ ಗೇರ್ ಗ್ರೀಸ್‌ಗೂ ಸೇರಬಹುದು.

ಪುಡಿ ಬಿಟ್ಟು, 1 ಪಾಲು ಬಣ್ಣಕ್ಕೆ 8–9 ಪಾಲು ತಿನ್ನರ್ ಹಾಕಿ ಏರ್‌ಬ್ರಷ್‌ನಲ್ಲೇ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಮಸಿ ಕಟ್ಟುವುದು ಉತ್ತಮವೇ? ಹಾಗಾದರೆ 0.2 ಮಿ.ಮೀ. ನಾಜಲ್‌ಗೆ ಪ್ರೆಶರ್ ಎಷ್ಟಿಡುತ್ತೀರಿ? ಅಚ್ಚ ಕಪ್ಪೋ, ಸ್ವಲ್ಪ ಕಂದು ಬೆರೆಸಬೇಕೋ? ಮಳೆಗಾಲದ ತೇವದಲ್ಲಿ ಮ್ಯಾಟ್ ವಾರ್ನಿಶ್ ಮಂಜುಗಟ್ಟದಂತೆ ಹೊಡೆಯುವವರು ದಯವಿಟ್ಟು ಕ್ರಮ ತಿಳಿಸಿ. ಛಾವಣಿಯ ಫೋಟೊ ಇದ್ದರೆ ಜೊತೆಗೆ ಹಾಕಿ.