ಎಕ್ಸೋಮ್ ರಿಪೋರ್ಟ್ ನೆಗೆಟಿವ್. ಹಾಗಾದ್ರೆ ಮಗಳಿಗೆ ಆಗಿರುವುದು ಎಂತ?

ಪ್ರಶ್ನೆ (ಬ್ರಹ್ಮಾವರದ ಒಬ್ಬ ತಾಯಿ):
ಡಾಕ್ಟ್ರೇ, ನಮಸ್ಕಾರ. ಮಗಳಿಗೆ ಐದು ವರ್ಷ ದಾಟಿತು. ನಡೆಯಲು ಶುರು ಮಾಡಿದ್ದೇ ಮೂರೂವರೆ ವರ್ಷಕ್ಕೆ. ಮಾತಿಲ್ಲ, "ಅಮ್ಮ" ಅಂತ ಸಹ ಇಲ್ಲ. ತಲೆ ಸಣ್ಣದು, ಮೈಯಲ್ಲಿ ಬಿಗಿ ಕಡಿಮೆ, ಎರಡು ಸಲ ಫಿಟ್ಸ್ ಬಂದಿದೆ. 2023ರಲ್ಲಿ ಎಕ್ಸೋಮ್ ಟೆಸ್ಟ್ ಮಾಡಿಸಿದೆವು. ನೆಗೆಟಿವ್ ಬಂತು. "ಜೀನ್‌ನಲ್ಲಿ ಏನೂ ತೊಂದರೆ ಇಲ್ಲ" ಅಂತ ಹೇಳಿ ಕಳಿಸಿದರು. ಅತ್ತೆ ನಾಗದೋಷ ಅಂದರು, ಆಶ್ಲೇಷಾ ಬಲಿಯೂ ಆಯಿತು. ಇನ್ನೊಂದು ಮಾತು ನನ್ನನ್ನು ಬಿಡುವುದೇ ಇಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನನಗೆ ಮೂರು ತಿಂಗಳು. ಬಟ್ಟೆ ತೆಗೆಯಲು ಅಂಗಳಕ್ಕೆ ಬಂದಿದ್ದೆ. ಅದರಿಂದಲೇ ಆಯಿತು ಅಂತ ಈಗಲೂ ಹೇಳುವವರಿದ್ದಾರೆ. ಮೊನ್ನೆ ಪ್ರೋಟೀನ್ ಮಾಡದ ಆರ್‌ಎನ್‌ಎ ಜೀನ್‌ಗಳ ಬಗ್ಗೆ ಓದಿದೆ. ಅದಕ್ಕೂ ನಮಗೂ ಸಂಬಂಧ ಉಂಟಾ?

ಉತ್ತರ (ಜೆನೆಟಿಕ್ಸ್ ವೈದ್ಯೆ, ಮಂಗಳೂರು):
ನಮಸ್ಕಾರ ಅಮ್ಮ. ಸಂಬಂಧ ಇರಬಹುದು. ಇದ್ದೇ ಇದೆ ಅಂತ ಮಗುವನ್ನು ನೋಡದೆ ಹೇಳುವುದಿಲ್ಲ.

ಮೊದಲು ಆ ರಿಪೋರ್ಟಿನ ವಿಷಯ. "ಏನೂ ತೊಂದರೆ ಇಲ್ಲ" ಅಂದದ್ದು ತಪ್ಪು. "ನಾವು ಹುಡುಕಿದ ಜಾಗದಲ್ಲಿ ಸಿಗಲಿಲ್ಲ" ಅನ್ನಬೇಕಿತ್ತು. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಪ್ರೋಟೀನ್ ಮಾಡಲು ಹೇಳಿಕೊಡುವ ಭಾಗ ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಎಕ್ಸೋಮ್ ಟೆಸ್ಟ್ ಓದುವುದು ಮುಖ್ಯವಾಗಿ ಆ ಭಾಗವನ್ನು. ಮಲ್ಪೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬಲೆ ಹಾಕದ ಕಡೆಯ ಮೀನು ಬಲೆಗೆ ಬೀಳುವುದು ಹೇಗೆ?

ನೀವು ಓದಿದ್ದು ಬಹುಶಃ ಆರ್‌ಎನ್‌ಯು4-2 ಎಂಬ ಜೀನ್ ಬಗ್ಗೆ. 12ನೇ ಕ್ರೋಮೋಸೋಮಿನಲ್ಲಿದೆ. ಉದ್ದ ಬರೀ 141 ಅಕ್ಷರ. ಇದರಿಂದ ಪ್ರೋಟೀನ್ ಆಗುವುದಿಲ್ಲ, ಯು4 ಎಂಬ ಪುಟ್ಟ ಆರ್‌ಎನ್‌ಎ ಆಗುತ್ತದೆ, ಅದು ಹಾಗೆಯೇ ಕೆಲಸಕ್ಕೆ ಹೋಗುತ್ತದೆ.

ಎಂತ ಕೆಲಸ? ಹಲಸಿನ ಹಣ್ಣು ಬಿಡಿಸುವುದನ್ನು ನೆನಪು ಮಾಡಿಕೊಳ್ಳಿ. ಕೊಯ್ದ ಕೂಡಲೇ ತಿನ್ನಲು ಆಗುವುದಿಲ್ಲ, ಮಧ್ಯದ ನಾರನ್ನೆಲ್ಲ ತೆಗೆದು ಸೊಳೆ ಮಾತ್ರ ಇಟ್ಟುಕೊಳ್ಳಬೇಕು. ಜೀನ್‌ನಿಂದ ಬರುವ ಆರ್‌ಎನ್‌ಎ ಸಂದೇಶವೂ ಹಾಗೆ. ನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸಬೇಕು. ಇದಕ್ಕೆ ಪ್ರತಿ ಜೀವಕೋಶದಲ್ಲೂ ಒಂದು ಯಂತ್ರ ಉಂಟು, ಹೆಸರು ಸ್ಪ್ಲೈಸೋಸೋಮ್. ಅದರಲ್ಲಿ ಕತ್ತಿ ಹಿಡಿದವನು ಯು6 ಅಂತ ಇಟ್ಟುಕೊಳ್ಳಿ. ಯು4 ಅವನ ಕೈ ಹಿಡಿದು ನಿಂತಿರುತ್ತದೆ. ಸಮಯ ಬಂದಾಗ ಮಾತ್ರ ಬಿಡುತ್ತದೆ. ಈ ಹಿಡಿತದ ಹತ್ತಿರದ 18 ಅಕ್ಷರಗಳ ಜಾಗದಲ್ಲಿ ಒಂದು ಅಕ್ಷರ ಹೆಚ್ಚಾದರೆ ಸಾಕು, ಹಿಡಿತ ಸಡಿಲ ಆಗುತ್ತದೆ. ಕತ್ತಿ ಅಲ್ಲಲ್ಲಿ ತಪ್ಪು ಜಾಗಕ್ಕೆ ಬೀಳುತ್ತದೆ. ಯು4 ಕೊಡುವ ಜೀನ್ ಬೇರೆಯೂ ಇದೆ. ಆದರೆ ಮಿದುಳಿನಲ್ಲಿ ಜಾಸ್ತಿ ದುಡಿಯುವುದು ಇದೇ.

ಇದು ಗೊತ್ತಾದದ್ದು 2024ರಲ್ಲಿ. ಇಂಗ್ಲೆಂಡಿನಲ್ಲಿ ಸಾವಿರಾರು ಕುಟುಂಬಗಳ ಪೂರ್ತಿ ಜೀನೋಮ್ ಓದಿಸಿ ಇಟ್ಟಿದ್ದರು. ಅದನ್ನು ಮತ್ತೆ ಜಾಲಾಡಿದಾಗ ಸಿಕ್ಕಿತು. ಆ ಅಧ್ಯಯನದಲ್ಲಿ 115 ಜನರಲ್ಲಿ ಕಂಡರು, ಅವರಲ್ಲಿ ನೂರಕ್ಕೆ 77 ಮಂದಿಗೆ ಅದೇ ಜಾಗದಲ್ಲಿ ಅದೇ ಒಂದು ಅಕ್ಷರ ಸೇರಿಕೊಂಡಿತ್ತು. ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಸುಮಾರು ಸಾವಿರಕ್ಕೆ ನಾಲ್ಕು ಮಂದಿಗೆ ಇದೇ ಕಾರಣ ಇರಬಹುದು ಅಂತ ಅವರ ಅಂದಾಜು. ಕಡಿಮೆ ಅನ್ನಿಸಬಹುದು, ಆದರೆ ಒಂದೇ ಜೀನ್‌ಗೆ ಇದು ತುಂಬ ಜಾಸ್ತಿ. ಈಗ ಇದನ್ನು ರೆನ್ಯೂ ಸಿಂಡ್ರೋಮ್ ಅನ್ನುತ್ತಾರೆ. ಮಾತು ಬಾರದಿರುವುದು, ತಡವಾಗಿ ನಡೆಯುವುದು, ಸಣ್ಣ ತಲೆ, ಸಡಿಲ ಸ್ನಾಯು, ಫಿಟ್ಸ್, ಇವೆಲ್ಲ ಅದರಲ್ಲಿ ಕಾಣುವಂಥವೇ. ಬೇರೆ ನೂರಾರು ಕಾಯಿಲೆಗಳಲ್ಲೂ ಕಾಣುತ್ತವೆ ಅನ್ನುವುದನ್ನು ಮರೆಯಬೇಡಿ.

ಇನ್ನು ಗ್ರಹಣ. ರೆನ್ಯೂದಲ್ಲಿ ಬದಲಾವಣೆ ಬಹುತೇಕ ಹೊಸದು, ಅಪ್ಪನಲ್ಲೂ ಇರುವುದಿಲ್ಲ, ಅಮ್ಮನಲ್ಲೂ ಇರುವುದಿಲ್ಲ. ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳುವ ಮೊದಲು ಒಂದು ಮಾತು ನಾನೇ ಹೇಳುತ್ತೇನೆ. ಈ ಬದಲಾವಣೆ ಹೆಚ್ಚಾಗಿ ಅಮ್ಮನಿಂದ ಬಂದ ಪ್ರತಿಯಲ್ಲಿ ಕಾಣುತ್ತದೆ. ಅದರ ಅರ್ಥ ಅಮ್ಮ ಏನೋ ಮಾಡಿದಳು ಅಂತ ಅಲ್ಲ. ಅಂಡಾಣು ತಯಾರಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಡಿಸೆಂಬರ್ 26ಕ್ಕೆ ನಿಮಗೆ ಮೂರು ತಿಂಗಳು ಅಲ್ವಾ? ಅಂಥ ಬದಲಾವಣೆ ನಿಮ್ಮ ಮಗಳಲ್ಲಿ ಇದ್ದರೆ ಅದು ಗ್ರಹಣಕ್ಕಿಂತ ಎಷ್ಟೋ ಮೊದಲೇ ಆಗಿ ಹೋಗಿತ್ತು. ಅಂಗಳಕ್ಕೆ ಬಂದ ಆ ಐದು ನಿಮಿಷವನ್ನು ಇನ್ನು ಬಿಟ್ಟುಬಿಡಿ. ಪೂಜೆಯಿಂದ ಅತ್ತೆಯವರಿಗೆ ಸಮಾಧಾನ ಸಿಕ್ಕಿದ್ದರೆ ನನ್ನದು ತಕರಾರಿಲ್ಲ. ನಿಮ್ಮನ್ನು ದೂರುವುದಕ್ಕೆ ತಕರಾರು ಉಂಟು.

ಪ್ರಶ್ನೆ (ಉಳ್ಳಾಲದ ಒಬ್ಬ ತಂದೆ):
ಮೇಡಂ, ನನ್ನ ಮಗನಿಗೆ ಏಳು ವರ್ಷ. ಮಾತು ತಡ, ಆಟಿಸಂ ಅಂದಿದ್ದಾರೆ. ಎಕ್ಸೋಮ್ ನಾರ್ಮಲ್. ನಾವು ನೇರ ಈ ಹೊಸ ಟೆಸ್ಟೇ ಮಾಡಿಸಬಹುದಾ?

ಉತ್ತರ:
ಬೇಡ. ಮೊದಲು ಫ್ರಾಜೈಲ್ ಎಕ್ಸ್ ಟೆಸ್ಟ್ ಆಗಿದೆಯಾ ನೋಡಿ. ಮಾತು, ಬುದ್ಧಿ ಬೆಳವಣಿಗೆ ತಡವಾಗುವ ಒಂದು ಜೀನ್ ಕಾಯಿಲೆ ಅದು. ಅಲ್ಲಿ ಸಿಜಿಜಿ ಎಂಬ ಮೂರಕ್ಷರ 200ಕ್ಕಿಂತ ಹೆಚ್ಚು ಸಲ ಮರುಕಳಿಸಿ ಜೀನ್ ಬಂದ್ ಆಗುತ್ತದೆ. ಅದೂ ಪ್ರೋಟೀನ್ ಮಾಡದ ಭಾಗದಲ್ಲೇ. ಸಾಮಾನ್ಯ ಎಕ್ಸೋಮ್ ಆ ಲೆಕ್ಕ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಟೆಸ್ಟ್. ಕ್ರೋಮೋಸೋಮಿನ ತುಂಡು ಕಡಿಮೆಯಾಗಿದೆಯಾ, ಹೆಚ್ಚಾಗಿದೆಯಾ ಅಂತ ನೋಡುವ ಕ್ರೋಮೋಸೋಮಲ್ ಮೈಕ್ರೋಅರೇ ಟೆಸ್ಟ್ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಸುಮ್ನೆ ಹೊಸದರ ಹಿಂದೆ ಓಡಬೇಡಿ.

ಪ್ರಶ್ನೆ (ಪಿಯು ಕಾಲೇಜಿನ ಉಪನ್ಯಾಸಕರು, ಕಾರ್ಕಳ):
ನಾವು ಓದುವಾಗ ಪ್ರೋಟೀನ್ ಮಾಡದ ಭಾಗವನ್ನೆಲ್ಲ ಜಂಕ್ ಡಿಎನ್‌ಎ, ಅಂದರೆ ಕೆಲಸಕ್ಕೆ ಬಾರದ್ದು ಅನ್ನುತ್ತಿದ್ದರು. 2024ರ ನೊಬೆಲ್ ಬಂದದ್ದೂ ಇದಕ್ಕೇನಾ?

ಉತ್ತರ:
ಅಲ್ಲ ಸರ್. ಆ್ಯಂಬ್ರೋಸ್ ಮತ್ತು ರವ್ಕುನ್ ಅವರಿಗೆ ನೊಬೆಲ್ ಬಂದದ್ದು ಮೈಕ್ರೋಆರ್‌ಎನ್‌ಎಗೆ. ಅದೂ ಪ್ರೋಟೀನ್ ಮಾಡದ ಆರ್‌ಎನ್‌ಎಯೇ, ಆದರೆ ಕೆಲಸ ಬೇರೆ. ಉಳಿದ ಡಿಎನ್‌ಎ ಎಲ್ಲವೂ ಮುಖ್ಯ ಅನ್ನುವುದೂ ಅತಿಯೇ, ಅದರಲ್ಲಿ ಸುಮ್ಮನೆ ಕೂತಿರುವುದು ಬಹಳ ಇದೆ. ನನಗೆ ಬೇಸರ ಬೇರೆ ವಿಷಯಕ್ಕೆ. ಯು4 ಏನು ಮಾಡುತ್ತದೆ ಅಂತ ದಶಕಗಳಿಂದ ಗೊತ್ತಿತ್ತು. ಆದರೂ ಮಕ್ಕಳಲ್ಲಿ ಅದನ್ನು ಓದಿ ನೋಡಲು 2024 ಬರಬೇಕಾಯಿತು.

ಪ್ರಶ್ನೆ (ಬ್ರಹ್ಮಾವರದ ತಾಯಿ, ಮತ್ತೆ):
ತುಂಬ ಉಪಕಾರ ಡಾಕ್ಟ್ರೇ. ಗ್ರಹಣದ ಭಾಗವನ್ನು ಮನೆಯಲ್ಲಿ ಓದಿ ಹೇಳಿದೆ. ಅತ್ತೆ ಏನೂ ಮಾತಾಡಲಿಲ್ಲ. ಈಗ ನಾವು ಎಂತ ಮಾಡಬೇಕು? ಕಾರಣ ಸಿಕ್ಕಿದರೆ ಮದ್ದು ಉಂಟಾ? ಇನ್ನೊಂದು ಮಗು ಬೇಕು ಅಂತ ಆಸೆ, ಧೈರ್ಯ ಇಲ್ಲ.

ಉತ್ತರ:
ರೆನ್ಯೂ ಅಂತಲೇ ಗೊತ್ತಾದರೂ ಅದನ್ನು ಗುಣ ಮಾಡುವ ಮದ್ದು ಇವತ್ತಿಗೆ ಇಲ್ಲ. ಫಿಟ್ಸ್‌ಗೆ ಮಾತ್ರೆ, ಫಿಸಿಯೋ, ಸ್ಪೀಚ್ ಥೆರಪಿ, ಇವು ಕಾರಣ ಸಿಕ್ಕಿದರೂ ಸಿಗದಿದ್ದರೂ ನಡೆಯಲೇಬೇಕು. ರಿಪೋರ್ಟಿಗೆ ಕಾಯಬೇಡಿ. ಮಾತಿಲ್ಲದ ಮಗುವಿಗೆ ಚಿತ್ರದ ಕಾರ್ಡ್ ಕೊಟ್ಟರೆ ಮಾತು ಇನ್ನೂ ತಡ ಆಗುತ್ತದೆ ಅಂತ ಹೆದರುತ್ತಾರೆ, ಅದು ಸುಳ್ಳು. ನೀರು, ಊಟ, ನೋವು, ಸಾಕು, ಈ ನಾಲ್ಕರಿಂದ ಶುರು ಮಾಡಿ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಇಲ್ಲದಿದ್ದರೆ ಮಾಡಿಸಿ. ಬೌದ್ಧಿಕ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕಿದರೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಉಂಟು, ಥೆರಪಿ ಖರ್ಚಿಗೂ ಬರುತ್ತದೆ.

ಕಾರಣ ಗೊತ್ತಾದರೆ ಸಿಗುವುದು ಇಷ್ಟು: ಟೆಸ್ಟ್‌ಗಳ ಅಲೆದಾಟ ನಿಲ್ಲುತ್ತದೆ, ಮುಂದಿನ ಮಗುವಿನ ಲೆಕ್ಕ ಸಿಗುತ್ತದೆ. ಬದಲಾವಣೆ ಹೊಸದು ಅಂತ ಖಚಿತವಾದರೆ ಮತ್ತೆ ಹಾಗೇ ಆಗುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು ಅಂತ ಹೇಳುತ್ತೇವೆ. ಪೂರ್ತಿ ಸೊನ್ನೆ ಅನ್ನುವುದಿಲ್ಲ, ಏಕೆಂದರೆ ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಅಂಡಾಣುಗಳಲ್ಲಿ ಅದು ಇರಬಹುದು. ಬೇಕಾದರೆ ಗರ್ಭದಲ್ಲೇ ಪರೀಕ್ಷೆ ಮಾಡಬಹುದು.

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಉಂಟು, ನಿಮಗೆ ಹತ್ತಿರ. ಹಳೆಯ ರಿಪೋರ್ಟ್ ತೋರಿಸಿ ಎರಡೇ ಪ್ರಶ್ನೆ ಕೇಳಿ. 2023ರ ಡೇಟಾವನ್ನು ಇವತ್ತಿನ ತಿಳಿವಳಿಕೆ ಇಟ್ಟುಕೊಂಡು ಮತ್ತೆ ನೋಡಬಹುದಾ? ಆರ್‌ಎನ್‌ಯು4-2 ಅದರಲ್ಲಿ ಓದಿದೆಯಾ? ಓದಿಲ್ಲದಿದ್ದರೆ ಆ ಒಂದು ಜೀನ್ ಮಾತ್ರ ಸ್ಯಾಂಗರ್ ವಿಧಾನದಲ್ಲಿ ಓದಿಸಬಹುದು, ಇಲ್ಲವೇ ಪೂರ್ತಿ ಜೀನೋಮ್. ಇದನ್ನೇ ಹೋಲುವ ನಿಷ್ಕ್ರಿಯ ಪ್ರತಿಗಳು ಡಿಎನ್‌ಎಯಲ್ಲಿ ಬಹಳ ಇವೆ. ಹಾಗಾಗಿ ಅನುಭವ ಇರುವ ಲ್ಯಾಬ್‌ನಲ್ಲೇ ಮಾಡಿಸಿ.

ಮಗಳ ಜೊತೆ ನೀವಿಬ್ಬರೂ ಹೋಗಿ, ಮೂವರ ರಕ್ತವೂ ಬೇಕಾಗುತ್ತದೆ. ಖಾಲಿ ಹೊಟ್ಟೆ ಬೇಕಾಗಿಲ್ಲ. ಮಗುವಿಗೆ ತಿಂಡಿ ಕೊಟ್ಟೇ ಹೊರಡಿ.